ಮಣ್ಣಿಗೆ ಬಂದವರು

(ದಾವಣಗೆರೆಯ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಧ್ವನಿಮುದ್ರಣದಿಂದ ಇಳಿಸಿಕೊಂಡು ಅಲ್ಲಲ್ಲಿ ತಿದ್ದಿದ್ದೇನೆ.)

ನಮ್ಮಮ್ಮ ಒಂದು ಮಾತು ಹೇಳುತ್ತಿದ್ದರು. ಮದುವೆಗೆ ಹೋಗದಿದ್ದರೆ ನಡೆಯುತ್ತೆ, ಮಣ್ಣಿಗೆ ಹೋಗದಿದ್ದರೆ ನಡೆಯಲ್ಲ. ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿಗೆ ಹೋಗೋದು ಅಂದರೆ ಸತ್ತವರ ಮನೆಗೆ ಹೋಗಿ, ಕೊನೆತನಕ ಹಿಂದೆ ನಡೆದು, ಒಂದು ಹಿಡಿ ಮಣ್ಣು ಹಾಕಿ ಬರೋದು. ಮುಸ್ಲಿಮರಲ್ಲೂ ಇದೆ, ಅವರು ಮೂರು ಹಿಡಿ ಹಾಕುತ್ತಾರೆ. ಮದುವೆಗೆ ಬರದವರನ್ನು ಜನ ಆರು ತಿಂಗಳಲ್ಲಿ ಮರೆಯುತ್ತಾರೆ. ಮಣ್ಣಿಗೆ ಬರದವರನ್ನು ಮೂವತ್ತು ವರ್ಷ ಆದರೂ ಮರೆಯುವುದಿಲ್ಲ. 'ನಮ್ಮಪ್ಪ ಹೋದಾಗ ಅವನು ಬಂದಿದ್ನಾ?' ಅನ್ನೋ ಪ್ರಶ್ನೆ ಸರಿಯಾಗಿ ಪಂಚಾಯ್ತಿ ಚುನಾವಣೆ ಹೊತ್ತಿಗೆ ಎದ್ದು ಕೂರುತ್ತದೆ. ಹೌದಲ್ವಾ?

ನಗಬೇಡಿ, ಇವತ್ತಿನ ವಿಷಯ ಪೂರ್ತಿ ಇಲ್ಲೇ ಇದೆ. ಆಹ್ವಾನ ಪತ್ರಿಕೆಯಲ್ಲಿ 'ಸಾಮೂಹಿಕ ನೋವು ಮತ್ತು ರಾಜಕೀಯ ಅಸ್ಮಿತೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಓದಿ ನನಗೇ ಸ್ವಲ್ಪ ಗಾಬರಿಯಾಯಿತು. ಅಸ್ಮಿತೆ ಅನ್ನುವ ಪದವನ್ನು ನಮ್ಮಮ್ಮ ಕೇಳಿರಲಿಲ್ಲ, ನಾನೂ ಆದಷ್ಟು ಬಿಡುತ್ತೇನೆ. ಯಾರ ಮಣ್ಣಿಗೆ ಯಾರು ಹೋಗುತ್ತಾರೆ, ಹೋಗಿ ಬಂದ ಮೇಲೆ ಅವರು ಏನಾಗುತ್ತಾರೆ, ನನಗೆ ಇಷ್ಟು ಕೇಳಿದರೆ ಸಾಕು.

ನಮ್ಮಮ್ಮನ ಮಾತನ್ನೇ 1882ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬರು ಹೇಳಿದ್ದರು. ಅರ್ನೆಸ್ಟ್ ರೆನಾನ್ ಅಂತ. ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ, ವಿಷಯ 'ರಾಷ್ಟ್ರ ಅಂದರೇನು?'. ಹನ್ನೊಂದು ವರ್ಷದ ಹಿಂದೆ ಫ್ರಾನ್ಸ್ ಜರ್ಮನರ ಕೈಯಲ್ಲಿ ಸೋತು, ಎರಡು ಪ್ರಾಂತ್ಯ ಕಳೆದುಕೊಂಡಿತ್ತು. ಕೇಳಲು ಕೂತವರಿಗೆಲ್ಲ ಆ ಗಾಯ ಇನ್ನೂ ಹಸಿ. ಅವರ ಮುಂದೆ ರೆನಾನ್ ಹೇಳಿದ್ದರ ಸಾರ ಇಷ್ಟು: ಜನರನ್ನು ಒಂದು ಮಾಡುವ ವಿಷಯದಲ್ಲಿ ಒಟ್ಟಿಗೆ ಪಟ್ಟ ಸಂತೋಷಕ್ಕಿಂತ ಒಟ್ಟಿಗೆ ಪಟ್ಟ ಕಷ್ಟ ದೊಡ್ಡದು, ಯಾಕೆಂದರೆ ದುಃಖ ನಮಗೆ ಕೆಲಸ ಹಚ್ಚುತ್ತದೆ.

ಈ 'ಕೆಲಸ ಹಚ್ಚುತ್ತದೆ' ಅನ್ನೋದನ್ನು ಹಿಡಿದುಕೊಳ್ಳಿ. ಮದುವೆಯಲ್ಲಿ ಉಂಡು ಬಂದರೆ ಮುಗೀತು. ಸಾವಿನ ಮನೆಯಲ್ಲಿ ಹಾಗಲ್ಲ. ಮೂರನೇ ದಿನ ಹಾಲುತುಪ್ಪ, ಆಮೇಲೆ ತಿಥಿ, ಆಮೇಲೆ ಆ ಮಕ್ಕಳ ಓದು, ಆ ಹೆಂಗಸಿನ ಪಿಂಚಣಿ ಅರ್ಜಿ. ಮಣ್ಣಿಗೆ ಹೋದವರ ಕೊರಳಿಗೆ ಇದೆಲ್ಲ ಸ್ವಲ್ಪ ಸ್ವಲ್ಪ ಬೀಳುತ್ತದೆ.

ಸಂತೋಷದ ಒಂದು ಉದಾಹರಣೆ ಕೊಡುತ್ತೇನೆ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ! ನಾನೂ ಹೋಗಿದ್ದೆ. ಎಂಥ ಜನ, ಎಂಥ ಸಡಗರ. ಗುರುತಿಲ್ಲದವರು ಒಬ್ಬರಿಗೊಬ್ಬರು ಫೋಟೊ ತೆಗೆದುಕೊಟ್ಟರು. ಒಬ್ಬ ಅಜ್ಜಿ ಆ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಚಂದ ಇತ್ತು. ಆಮೇಲೆ ಎಲ್ಲರೂ ಬಸ್ ಹತ್ತಿ ಮನೆಗೆ ಹೋದೆವು. ಅದು ಜಾತ್ರೆ. ಅದರಿಂದ ಒಂದು ಸಂಘ ಹುಟ್ಟಲಿಲ್ಲ, ಒಂದು ಜಗಳವೂ ಹುಟ್ಟಲಿಲ್ಲ.

ಹಾಗಾದರೆ ರೆನಾನ್ ಸರಿ, ನಮ್ಮಮ್ಮನೂ ಸರಿ ಅಂತ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನಗೆ ಬಹಳ ದಿನದಿಂದ ಕಾಡುವ ಒಂದು ವಿಷಯ ಇದೆ. ಬರೀ ನೋವೇ ಜನರನ್ನು ಒಂದು ಮಾಡುವುದಾದರೆ, ಈ ಬಯಲುಸೀಮೆ ಕಂಡ ಅತಿ ದೊಡ್ಡ ನೋವು ನಮ್ಮನ್ನು ಯಾಕೆ ಒಂದು ಮಾಡಲಿಲ್ಲ?

ಧಾತು ಬರದ ಮಾತು ಹೇಳುತ್ತಿದ್ದೇನೆ. 1876ರಿಂದ 78. ಧಾತು ಮತ್ತು ಈಶ್ವರ ಸಂವತ್ಸರಗಳು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಗೆ ಬರುವಾಗ 42 ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ ಎಂಟು ಲಕ್ಷಕ್ಕಿಂತ ಜಾಸ್ತಿ ಕಡಿಮೆಯಾಗಿದ್ದರು. ಚಿತ್ರದುರ್ಗ ಸೀಮೆಯೂ ಆ ಸಂಸ್ಥಾನದ್ದೇ. ಈ ಸಭೆಯಲ್ಲಿ ಕೂತಿರುವ ಪ್ರತಿಯೊಬ್ಬರೂ ಆ ಬರದಲ್ಲಿ ಬದುಕಿ ಉಳಿದ ಯಾರೋ ಒಬ್ಬರ ಮರಿಮಕ್ಕಳ ಮಕ್ಕಳು.

ಈಗ ಹೇಳಿ, ನಿಮ್ಮ ಊರಲ್ಲಿ ಧಾತು ಬರದ ಒಂದು ಕಲ್ಲು ಇದೆಯಾ? ಒಂದು ದಿನ ಇದೆಯಾ? ಆ ಬರದ ಹೆಸರಲ್ಲಿ ಯಾವನಾದರೂ ಒಂದು ಓಟು ಕೇಳಿದ್ದಾನಾ? ನಮ್ಮಜ್ಜಿ ನಾವು ಅಗುಳು ಚೆಲ್ಲಿದಾಗ ಮಾತ್ರ 'ಧಾತು ಬರ ಬರ್ತದೆ ನೋಡು' ಅಂತ ಬೈಯುತ್ತಿದ್ದರು. ಅಷ್ಟು ಜನರ ಸಾವು ಕರಗಿ ಕರಗಿ ಕೊನೆಗೆ ಮಕ್ಕಳಿಗೆ ಬೈಯುವ ಒಂದು ಬೈಗುಳವಾಗಿ ಉಳಿಯಿತು.

ಯಾಕೆ ಹೀಗಾಯಿತು? ನನಗೆ ತೋಚಿದ ಮೊದಲ ಕಾರಣ ನಾಚಿಕೆ. ಬರದಲ್ಲಿ ಬದುಕಿದವರು ಏನು ತಿಂದು ಬದುಕಿದರು, ಯಾರನ್ನು ದಾರಿಯಲ್ಲಿ ಬಿಟ್ಟು ಬಂದರು, ಇದನ್ನೆಲ್ಲ ಮಕ್ಕಳಿಗೆ ಹೇಳಿಕೊಳ್ಳುವ ಹಾಗಿರುವುದಿಲ್ಲ. ಹಸಿವು ಎಲ್ಲರಿಗೂ ಬಂದಿತ್ತು, ಆದರೆ ಒಬ್ಬೊಬ್ಬರೂ ಒಬ್ಬೊಬ್ಬರಾಗಿಯೇ ಹಸಿದರು. ಒಂದು ತುತ್ತಿಗೆ ಇಬ್ಬರಿದ್ದಾಗ ಹಸಿವು ಜನರನ್ನು ಕೂಡಿಸುವುದಿಲ್ಲ, ಒಡೆಯುತ್ತದೆ. ಇನ್ನೊಂದು ಕಾರಣ, ಆ ನೋವಿಗೆ ವಿಳಾಸ ಇರಲಿಲ್ಲ. ಮಳೆ ಬರಲಿಲ್ಲ, ದೇವರು ಮುನಿದ, ಸಂವತ್ಸರ ಕೆಟ್ಟದಿತ್ತು. ಯಾರನ್ನು ಕೇಳೋದು? ಜನ ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಈ ದೇಶದಿಂದ ಧಾನ್ಯ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಬಡತನ ಆಕಾಶದಿಂದ ಬೀಳಲಿಲ್ಲ, ಆಳ್ವಿಕೆಯಿಂದ ಬಂತು ಅಂತ ತೋರಿಸಿದವರು ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತರಂಥವರು. ಆ ಲೆಕ್ಕ ರಾಷ್ಟ್ರೀಯ ಚಳವಳಿಗೆ ಬುನಾದಿಯಾಯಿತು. ನಮ್ಮ ಹಳ್ಳಿಗಳ ಸತ್ತವರಿಗೆ ಅದು ತಲುಪುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಹಾಗಾಗಿ ನಾನು ಹೇಳೋದು ಇಷ್ಟೇ. ನೋವು ತಾನಾಗಿ ಯಾರನ್ನೂ ಒಂದು ಮಾಡುವುದಿಲ್ಲ. ನೋವಿಗೆ ಒಂದು ವಿಳಾಸ ಬೇಕು, ಒಂದು ಮಾತು ಬೇಕು, ಮತ್ತೆ ಮತ್ತೆ ಬಂದು ಸೇರಲು ಒಂದು ಜಾಗ ಬೇಕು. ಇವು ಸಿಕ್ಕಾಗ ಏನಾಗುತ್ತದೆ ಅಂತ ನೋಡಬೇಕಾದರೆ ನರಗುಂದಕ್ಕೆ ಹೋಗಬೇಕು.

ಮಲಪ್ರಭಾ ಅಚ್ಚುಕಟ್ಟು. ನಾಲೆ ಬಂತು, ಜೊತೆಗೆ ನೀರಾವರಿ ಆಗುವ ಜಮೀನಿಗೆ ಅಭಿವೃದ್ಧಿ ಕರ ಅಂತ ಬಂತು. ನೀರು ಹೊಲಕ್ಕೆ ಬರುವ ಮೊದಲೇ ನೋಟಿಸ್ ಬಂತು ಅನ್ನೋದು ರೈತರ ಸಿಟ್ಟು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ನರಗುಂದದಲ್ಲಿ ಜನರ ಸಿಟ್ಟಿಗೆ ಪೊಲೀಸರೂ ಸತ್ತರು. ಇದನ್ನು ಬಿಟ್ಟು ಹೇಳೋದು ಸರಿಯಲ್ಲ. ಆ ಪೊಲೀಸರ ಮನೆಗಳಲ್ಲಿ ಜುಲೈ 21 ಹೇಗಿರುತ್ತದೆ ಅಂತ ನಾವು ಯಾರೂ ಕೇಳಿಲ್ಲ.

ಆ ಸಿಟ್ಟು ಹೇಗೆ ಹರಡಿತು ನೋಡಿ. ಅದೇ ವರ್ಷ ಶಿವಮೊಗ್ಗದಲ್ಲಿ ರಾಜ್ಯ ರೈತ ಸಂಘ ಹುಟ್ಟಿತು. ಕಟ್ಟಿದವರು ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಶಿವಮೊಗ್ಗದ ಕಬ್ಬು ಬೆಳೆಗಾರ ಮಲಪ್ರಭಾ ನದಿಯನ್ನೇ ನೋಡಿರಲಿಲ್ಲ. ಭದ್ರಾ ಅಚ್ಚುಕಟ್ಟಿನ ಭತ್ತದವನಿಗೆ ನರಗುಂದದ ಎರೆಭೂಮಿ ಗೊತ್ತಿರಲಿಲ್ಲ. ಆದರೂ 'ಸತ್ತವರು ನಮ್ಮವರು' ಅಂದರು. ಅದಕ್ಕೆ ಮೊದಲು ಅವರನ್ನು 'ನೀವು ಯಾರು' ಅಂತ ಕೇಳಿದ್ದರೆ ಜಾತಿ ಹೇಳುತ್ತಿದ್ದರು, ಇಲ್ಲ ಊರಿನ ಹೆಸರು, ಇಲ್ಲ ಮನೆತನದ ಹೆಸರು. ಹೆಗಲ ಮೇಲೆ ಸಂಘದ ಹಸಿರು ಶಾಲು ಬಿದ್ದ ಮೇಲೆ 'ನಾನು ರೈತ' ಅಂದರು. 1983ರಲ್ಲಿ ಗುಂಡೂರಾಯರ ಸರ್ಕಾರ ಬಿದ್ದಿದ್ದಕ್ಕೆ ಹತ್ತು ಕಾರಣ ಕೊಡಬಹುದು. ಆ ಹತ್ತರಲ್ಲಿ ಇದು ಖಂಡಿತ ಒಂದು.

ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸೋದು ಒಂದು ಘೋಷಣೆ. 'ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ.' ನಿಮ್ಮಲ್ಲಿ ಹಳ್ಳಿಯಿಂದ ಬಂದವರು ಮನೆಯಲ್ಲಿ ಕೇಳಿ ನೋಡಿ, ಆ ಕಾಲದ ಜಪ್ತಿ ಹೇಗಿತ್ತು ಅಂತ. ಸಾಲ ವಸೂಲಿಗೆ ಜೀಪು ಬರುತ್ತಿತ್ತು. ಪಂಪ್‌ಸೆಟ್ಟು, ಎತ್ತಿನ ಗಾಡಿ, ಕೊನೆಗೆ ಹಂಡೆ ಕೊಡ, ಕೆಲವು ಕಡೆ ಮನೆ ಬಾಗಿಲು. ಹೋದ ಸಾಮಾನಿಗಿಂತ ದೊಡ್ಡದು ಊರ ಮುಂದೆ ಹೋದ ಮರ್ಯಾದೆ. ಯಜಮಾನ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ಕಣದಲ್ಲಿ ಕೂರುತ್ತಿದ್ದ. ನಾಚಿಕೆಗೆ ಒಂದು ಗುಣ ಇದೆ. ಅದು ಬಾಗಿಲು ಹಾಕಿಕೊಳ್ಳುತ್ತದೆ. ಪಕ್ಕದ ಮನೆಯಲ್ಲೂ ಅದೇ ಜೀಪು ನಿಂತಿದ್ದರೂ ಇಬ್ಬರೂ ಮಾತಾಡಿಕೊಳ್ಳುವುದಿಲ್ಲ.

ಆ ಒಂದು ಸಾಲಿನ ಘೋಷಣೆ ಈ ನಾಚಿಕೆಯನ್ನು ತಿರುಗಿಸಿ ಇಟ್ಟಿತು. ಬೆಲೆ ಕೊಡದೆ ನನ್ನ ಬೆಳೆ ತಿಂದವರು ನೀವು, ಬಾಕಿ ನಿಮ್ಮದು. ಲೆಕ್ಕ ಸರಿಯೋ ತಪ್ಪೋ ಅರ್ಥಶಾಸ್ತ್ರದವರು ಜಗಳ ಆಡಲಿ. ಮನುಷ್ಯ ಹಿತ್ತಲಿನಿಂದ ಅಂಗಳಕ್ಕೆ ಬಂದ, ಅದು ಮುಖ್ಯ. ಆಮೇಲೆ ಮರುಜಪ್ತಿ ಶುರುವಾಯಿತು. ಒಯ್ದ ಸಾಮಾನನ್ನು ಊರವರೇ ಗುಂಪಾಗಿ ಹೋಗಿ ವಾಪಸ್ ತರೋದು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿಗಳ ಬಾಯಲ್ಲಿ ಬೋರ್ಡು ಬಿತ್ತು. ನೋವು ಅದೇ, ಸಾಲ ಅದೇ. ಬದಲಾಗಿದ್ದು ಒಳಗಿನ ಭಾವನೆ. ನಾಚಿಕೆ ಇದ್ದಲ್ಲಿ ಸಿಟ್ಟು ಬಂತು, ಅದೂ ಒಬ್ಬನ ಸಿಟ್ಟಲ್ಲ.

ಇಲ್ಲೇ ಹತ್ತಿರ, ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಆನಗೋಡು ಸಿಗುತ್ತದಲ್ಲ. ಅಲ್ಲಿ ಹುತಾತ್ಮ ರೈತರ ಸ್ಮಾರಕ ಇದೆ. 1992ರ ಸೆಪ್ಟೆಂಬರ್ 13ರ ಹೋರಾಟದಲ್ಲಿ ಗುಂಡಿಗೆ ಬಲಿಯಾದ ಇಬ್ಬರದ್ದು. ನಿಮ್ಮಲ್ಲಿ ಎಷ್ಟು ಜನ ಬಸ್ಸಿನಿಂದ ಇಳಿದು ನೋಡಿದ್ದೀರಿ? ಇಬ್ಬರು, ಮೂವರು. ಪರವಾಗಿಲ್ಲ. ಪ್ರತಿ ವರ್ಷ ಆ ದಿನ ಹಸಿರು ಶಾಲಿನವರು ಅಲ್ಲಿ ಸೇರುತ್ತಾರೆ. ಸಂಘ ಈಗ ಎಷ್ಟು ಬಣ ಆಗಿದೆ ಅಂತ ಎಣಿಸಲು ಹೋಗಬೇಡಿ, ತಲೆನೋವು ಬರುತ್ತದೆ. ಆದರೂ ಆ ದಿನ ಬರುತ್ತಾರೆ. ಅದು ವರ್ಷ ವರ್ಷ ಮತ್ತೆ ಮಣ್ಣಿಗೆ ಹೋಗೋದು. ಧಾತು ಬರಕ್ಕೆ ಇಲ್ಲದ್ದು ಇದು.

ಇದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. ರೈತರ ಆತ್ಮಹತ್ಯೆ. ಸಾಲವೇ ಕಾರಣ, ಬೆಲೆಯೇ ಕಾರಣ. ಆದರೆ ಅಲ್ಲಿ ನಾಚಿಕೆ ಮತ್ತೆ ಹಿತ್ತಲಿಗೆ ಹೋಗಿ ಕೂತಿದೆ. ಮನುಷ್ಯ ಒಬ್ಬನೇ ಸಾಯುತ್ತಾನೆ. ಸತ್ತ ಮೇಲೆ ಒಂದು ಸಮಿತಿ ಕೂತು ಪ್ರಕರಣ ಅರ್ಹವೋ ಅನರ್ಹವೋ ಅಂತ ತೀರ್ಮಾನ ಮಾಡುತ್ತದೆ. ಅರ್ಹ ಅಂತಾದರೆ 5 ಲಕ್ಷ ಪರಿಹಾರ. ಪರಿಹಾರ ಬೇಡ ಅಂತ ನಾನು ಹೇಳುತ್ತಿಲ್ಲ, ಆ ಮನೆಗೆ ಅದು ಬೇಕೇ ಬೇಕು. ಆದರೆ 'ಅರ್ಹ' ಅನ್ನುವ ಪದವನ್ನು ಸ್ವಲ್ಪ ಬಾಯಲ್ಲಿ ಇಟ್ಟು ನೋಡಿ. ಎಲ್ಲ ರೈತರ ನೋವಾಗಿದ್ದದ್ದು ಒಂದು ಫೈಲಿನ ನೋವಾಗಿ, ಮೇಜಿಂದ ಮೇಜಿಗೆ ಹೋಗುತ್ತದೆ.

ರೈತ ಸಂಘದ ಬಗ್ಗೆ ಇಷ್ಟು ಹೊಗಳಿದ ಮೇಲೆ ಒಂದು ಕೇಳಲೇಬೇಕು. ಹಸಿರು ಶಾಲು ಹೊದ್ದವನ ಹೊಲದಲ್ಲಿ ಕೂಲಿ ಮಾಡುವವನು 'ನಾವು' ಅನ್ನೋದರೊಳಗೆ ಬಂದನಾ? ಎಲ್ಲ ಕಡೆ ಬರಲಿಲ್ಲ. ಅವನಿಗೆ ಬೇರೆ 'ನಾವು' ಬೇಕಾಯಿತು, ಅದನ್ನು ಕಟ್ಟಿದವರು ನಮ್ಮ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟಾಗ ಹುಡುಗನಿಗೆ ಆಗುವ ಅವಮಾನ ಇದೆಯಲ್ಲ, ಅದು ಹಸಿವಿನ ಹಾಗಲ್ಲ. ಹಸಿವನ್ನು ಅಮ್ಮನಿಗೆ ಹೇಳಬಹುದು. ಅವಮಾನವನ್ನು ಹೇಳಿದರೆ ಅಮ್ಮನಿಗೂ ನೋವಾಗುತ್ತದೆ ಅಂತ ಹುಡುಗ ಸುಮ್ನೆ ಇರುತ್ತಾನೆ. ಅಮ್ಮನೂ ಅದೇ ಕಾರಣಕ್ಕೆ ಸುಮ್ನೆ ಇದ್ದಾಳೆ. ಸಮಿತಿಯವರು ಕೇರಿಗೆ ಹೋಗಿ ತಮಟೆ ಬಡಿದು ಹಾಡು ಹೇಳಿದಾಗ ಮೊದಲು ಒಡೆದದ್ದು ಈ ಮೌನ. 'ದಲಿತ' ಅಂದರೆ ತುಳಿಸಿಕೊಂಡವನು ಅಂತ ಅರ್ಥ. ಅಂಥ ಪದವನ್ನು ಎದೆಯ ಮೇಲೆ ಬ್ಯಾಡ್ಜಿನ ಹಾಗೆ ಹಾಕಿಕೊಳ್ಳೋದು ಸಣ್ಣ ಮಾತಲ್ಲ. 'ಇದು ನನ್ನ ಹಣೆಬರಹ' ಅನ್ನೋದಕ್ಕೂ 'ನಮ್ಮನ್ನು ತುಳಿದಿದ್ದಾರೆ' ಅನ್ನೋದಕ್ಕೂ ನಡುವಿನ ದೂರ ಎಷ್ಟಿದೆ ನೋಡಿ.

ಈಗ ನನ್ನ ಸ್ವಂತ ಊರಿಗೆ, ಅಂದರೆ ನೀವು ಕೂತಿರುವ ಈ ಊರಿಗೆ ಬರುತ್ತೇನೆ. ನಾನು ಹತ್ತಿ ಮಿಲ್ಲಿನ ಕಾರ್ಮಿಕನ ಮಗ. ಯಾವ ಮಿಲ್ಲು ಅಂತ ಬೇಡ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಮಿಲ್ಲು ಕೂಗುತ್ತಿತ್ತು. ಅಪ್ಪ ಸ್ಪಿನ್ನಿಂಗ್ ಖಾತೆ. ಮೂರು ಪಾಳಿ, ವಾರಕ್ಕೊಮ್ಮೆ ಬದಲು. ರಾತ್ರಿಪಾಳಿ ವಾರದಲ್ಲಿ ನಾವು ಹಗಲೆಲ್ಲ ಪಿಸುಮಾತಿನಲ್ಲೇ ಜಗಳ ಆಡಬೇಕು. ಅಪ್ಪ ಮನೆಗೆ ಬಂದಾಗ ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಅರಳೆ ಕೂತಿರುತ್ತಿತ್ತು. ಚಿಕ್ಕವನಿದ್ದಾಗ ಅಪ್ಪನಿಗೆ ವಯಸ್ಸಾಯಿತು ಅಂದುಕೊಂಡಿದ್ದೆ. ಮುಖ ತೊಳೆದ ಮೇಲೆ ಮತ್ತೆ ಹರೆಯದವರಾಗುತ್ತಿದ್ದರು. ಒಳಗೆ ಹೋದ ಅರಳೆ ಮಾತ್ರ ತೊಳೆಯಲು ಬರುವುದಿಲ್ಲ. ನಮ್ಮ ಓಣಿಯಲ್ಲಿ ಬೆಳಗಿನ ಜಾವ ಒಂದು ಮನೆಯಲ್ಲಿ ಕೆಮ್ಮು ಶುರುವಾದರೆ ಸಾಲು ಮನೆಗಳಲ್ಲಿ ಅದಕ್ಕೆ ಉತ್ತರ ಬರುತ್ತಿತ್ತು.

ಕೆಮ್ಮು ಒಂದೇ ಥರ ಇತ್ತು, ಕೆಮ್ಮುವವರು ಒಂದೇ ಥರ ಇರಲಿಲ್ಲ. ಎಲ್ಲ ಜಾತಿ, ಎರಡೂ ಧರ್ಮ. ಪಾಳಿ ಬಿಡುವ ಹೊತ್ತಿಗೆ ಗೇಟ್ ಸಭೆ. ಆ ಗೇಟಿನಿಂದಲೇ ಈ ಊರು ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983, 1985ರಲ್ಲಿ, ಮೂರು ಸಲ ವಿಧಾನಸಭೆಗೆ ಕಳಿಸಿತು. ಇವತ್ತು ಹೇಳಿದರೆ ನಿಮ್ಮ ವಯಸ್ಸಿನವರು ನಂಬುವುದಿಲ್ಲ. 'ದಾವಣಗೆರೆಯಲ್ಲಾ ಸಾರ್?' ಅಂತ ಕೇಳುತ್ತಾರೆ. ಹೌದಪ್ಪ, ದಾವಣಗೆರೆಯಲ್ಲೇ.

ಆಮೇಲೆ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದವು. ಇಲ್ಲಿ ನನ್ನ ಲೆಕ್ಕಕ್ಕೆ ಸಿಗದ ಒಂದು ವಿಷಯ ಇದೆ. ಮಿಲ್ಲು ನಡೆಯುವಾಗ ಇದ್ದ ಕಷ್ಟಕ್ಕಿಂತ ನಿಂತ ಮೇಲೆ ಬಂದ ಕಷ್ಟ ದೊಡ್ಡದು. ಸಂಬಳ ಇಲ್ಲ, ಪಿ.ಎಫ್. ಬರಲಿಲ್ಲ, ಕೇಸು ಮುಗಿಯಲಿಲ್ಲ. ರೆನಾನ್ ಲೆಕ್ಕದಲ್ಲಿ ಜನ ಇನ್ನೂ ಗಟ್ಟಿಯಾಗಿ ಒಂದಾಗಬೇಕಿತ್ತು. ಆಗಲಿಲ್ಲ. ಗೇಟೇ ಇಲ್ಲದ ಮೇಲೆ ಗೇಟ್ ಸಭೆ ಎಲ್ಲಿ? ಒಬ್ಬರು ಮಂಡಕ್ಕಿ ಭಟ್ಟಿಗೆ ಹೋದರು, ಒಬ್ಬರು ಆಟೊ ತಗೊಂಡರು, ಒಬ್ಬರು ಮಗಳ ಊರಿಗೆ ಹೋದರು. ನಮ್ಮಪ್ಪ ಒಂದು ಗೋಡೌನಿನಲ್ಲಿ ಕಾವಲಿಗೆ ಸೇರಿದರು. ಅಲ್ಲಿ ರಾತ್ರಿಪಾಳಿ ಇತ್ತು, ಜೊತೆಗೆ ಕೆಮ್ಮುವವರು ಇರಲಿಲ್ಲ.

1990ರ ಅಕ್ಟೋಬರಿನಲ್ಲಿ ಈ ಊರಲ್ಲಿ ಕೋಮುಗಲಭೆ ಆಯಿತು. ಮಿಲ್ಲು ಮುಚ್ಚಿದ್ದಕ್ಕೇ ಅದಾಯಿತು ಅಂತ ನಾನು ಹೇಳುತ್ತಿಲ್ಲ. ಅಷ್ಟು ಸರಳ ಅಲ್ಲ, ಬೇರೆ ಊರುಗಳಲ್ಲೂ ಆಯಿತು. ನಾನು ನೋಡಿದ್ದು ಇಷ್ಟು. ಒಂದೇ ಅರಳೆ ಉಸಿರಾಡಿದವರು ಆ ವಾರ ಒಬ್ಬರಿಗೊಬ್ಬರು ಕಿಟಕಿ ಮುಚ್ಚಿಕೊಂಡರು. ಒಂದು ಗುರುತು ಹೋದ ಜಾಗ ಖಾಲಿ ಇರುವುದಿಲ್ಲ. ಇನ್ನೊಂದು ಗುರುತು ಬಂದು ಕೂರುತ್ತದೆ, ತನ್ನ ನೋವಿನ ಪಟ್ಟಿಯನ್ನೂ ಜೊತೆಗೇ ತರುತ್ತದೆ.

ಇನ್ನೂ ಒಂದು ಸಿಕ್ಕು ಇದೆ. ನೀರಿನದು. 1997ರವರೆಗೆ ದಾವಣಗೆರೆ, ಚಿತ್ರದುರ್ಗ ಒಂದೇ ಜಿಲ್ಲೆ. ಚಿತ್ರದುರ್ಗದ ಕಡೆಯವರು ತಮ್ಮ ಒಣಭೂಮಿಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗಾಗಿ ಎಷ್ಟು ವರ್ಷ ಕೂಗಿದರು! ತುಂಗಾದಿಂದ, ಭದ್ರಾದಿಂದ ಒಟ್ಟು 29.90 ಟಿಎಂಸಿ ನೀರಿನ ಲೆಕ್ಕ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಘೋಷಣೆ ಆದಾಗ ಪಟಾಕಿ ಹೊಡೆದರು, ಹಣ ಬರದೆ ಮತ್ತೆ ಧರಣಿ ಕೂತರು. ಇತ್ತ ನಮ್ಮವರು ಭದ್ರಾ ನಾಲೆಯ ಕೊನೆ ಭಾಗದವರು. ಭತ್ತ ಹಾಲುಗಟ್ಟುವ ಹೊತ್ತಿಗೆ ನೀರು ಬರುತ್ತೋ ಇಲ್ವೋ ಅಂತ ರಾತ್ರಿ ತೂಬಿನ ಹತ್ತಿರ ಮಲಗಿದವರು. 2025ರಲ್ಲಿ ಬಲದಂಡೆ ನಾಲೆ ಸೀಳಿ ಬೇರೆ ತಾಲ್ಲೂಕುಗಳಿಗೆ ಕುಡಿಯುವ ನೀರು ಒಯ್ಯುತ್ತಾರೆ ಅಂದಾಗ ಬೀದಿಗೆ ಬಂದರು. ಒಂದೇ ಬಾಯಾರಿಕೆ, ಇಬ್ಬರದ್ದೂ ನಿಜ. ಇಬ್ಬರೂ ಬರೆದುಕೊಂಡ ವಿಳಾಸ ಮಾತ್ರ ಒಬ್ಬರದ್ದು ಇನ್ನೊಬ್ಬರ ಮನೆ. ನನ್ನ ತಂಗಿಯನ್ನು ಕೊಟ್ಟಿರೋದು ಹೊಸದುರ್ಗದ ಕಡೆ, ನಮ್ಮ ಮಾವನ ಗದ್ದೆ ಇರೋದು ಹರಿಹರದ ಕೊನೆ ಭಾಗದಲ್ಲಿ. ಹಬ್ಬಕ್ಕೆ ಸೇರಿದಾಗ ಊಟ ಮುಗಿಯುವ ತನಕ ನೀರಿನ ಮಾತು ಎತ್ತಬಾರದು ಅಂತ ನಮ್ಮ ಮನೆಯಲ್ಲಿ ಕಟ್ಟುನಿಟ್ಟು.

ನೊಂದವರ ನೋವು ನೋಯದವರಿಗೆ ಎಲ್ಲಿ ತಿಳಿಯುತ್ತದೆ ಅಂತ ಅಕ್ಕಮಹಾದೇವಿ ಕೇಳಿದ್ದು ನಿಮಗೆಲ್ಲ ಗೊತ್ತು. ಅದು ಸುಳ್ಳು ಅಂತ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಆ ಮಾತನ್ನು ಹಿಡಿದುಕೊಂಡು 'ನಮ್ಮ ನೋವು ನಿಮಗೆ ಅರ್ಥ ಆಗಲ್ಲ, ಆಚೆ ಹೋಗಿ' ಅನ್ನೋದು ಈಗ ಜಾಸ್ತಿಯಾಗಿದೆ. ತಿಳಿಯೋದು ಬೇರೆ, ಬಂದು ನಿಲ್ಲೋದು ಬೇರೆ. ಹೆಗಲು ಕೊಡುವವನಿಗೆ ಆ ಮನೆಯ ನೋವು ಪೂರ್ತಿ ತಿಳಿದಿರಬೇಕು ಅಂತ ಯಾರೂ ಕೇಳುವುದಿಲ್ಲ.

ಬಾಬಯ್ಯನ ಹಬ್ಬವನ್ನೇ ನೋಡಿ. ಮೊಹರಂ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಸತ್ತಿದ್ದರ ದುಃಖ. ಚಿತ್ರದುರ್ಗ, ಬಳ್ಳಾರಿ ಕಡೆ ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಕುಣಿ, ಅಂದರೆ ಹಬ್ಬದ ಬೆಂಕಿಯ ಗುಂಡಿ, ತೋಡುತ್ತಾರೆ. ಸಕ್ಕರೆ ಓದಿಸುತ್ತಾರೆ, ಹರಕೆ ಹೊತ್ತು ಫಕೀರರಾಗುತ್ತಾರೆ, ಕರ್ಬಲಾದ ಕತೆ ಹೇಳುವ ರಿವಾಯತ್ ಪದ ಹಾಡುತ್ತಾರೆ. ಕನ್ನಡದಲ್ಲಿ! ಎಲ್ಲಿಯ ಕರ್ಬಲಾ, ಎಲ್ಲಿಯ ಚಳ್ಳಕೆರೆ? ಚಿಕ್ಕಂದಿನಲ್ಲಿ ಇದು ನನಗೆ ಒಗಟಾಗಿತ್ತು. ಆಮೇಲೆ ಆ ಕತೆಯನ್ನು ಸರಿಯಾಗಿ ಕೇಳಿದೆ. ಯೂಫ್ರೆಟಿಸ್ ನದಿ ಪಕ್ಕದಲ್ಲೇ ಇದೆ, ಸೈನ್ಯ ಅಡ್ಡ ನಿಂತಿದೆ, ಮೂರು ದಿನ ಮಕ್ಕಳಿಗೂ ನೀರು ಬಿಡಲಿಲ್ಲ. ಬಾಯಾರಿ ಸತ್ತವರ ಕತೆ. ಅದು ಮಳೆ ಇಲ್ಲದ ಈ ಸೀಮೆಗೆ ಅರ್ಥವಾಗದೆ ಇರುತ್ತಾ? ನಮ್ಮ ಧಾತು ಬರಕ್ಕೆ ಅಳಲು ನಮಗೊಂದು ಹಾಡು ಸಿಗಲಿಲ್ಲ. ಆ ಹಾಡನ್ನು ನಾವು ಹುಸೇನರಿಗೆ ಹಾಡಿಕೊಂಡಿದ್ದೇವೆ ಅಂತ ನನಗೆ ಅನ್ನಿಸುತ್ತದೆ. ಇದಕ್ಕೆ ಪುರಾವೆ ಕೇಳಬೇಡಿ, ಇಲ್ಲ. ನನ್ನ ಊಹೆ.

ಇನ್ನು ನೋವಿನ ವ್ಯಾಪಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವೇ ದಿನಾ ನೋಡುತ್ತೀರಿ. ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಸತ್ತವರ ಫೋಟೊಗಿಂತ ಅರ್ಪಿಸುವವರ ಫೋಟೊ ದೊಡ್ಡದಿರುತ್ತದೆ. ಅಷ್ಟೇ ಸಾಕು. ಆದರೆ ಒನಕೆ ಓಬವ್ವನ ಬಗ್ಗೆ ಒಂದು ಮಾತು ಹೇಳಲೇಬೇಕು, ಚಿತ್ರದುರ್ಗದ ಕಡೆಯವರು ತಪ್ಪು ತಿಳಿಯಬಾರದು.

ಕತೆ ಎಲ್ಲರಿಗೂ ಬಾಯಿಪಾಠ. ಕಾವಲುಗಾರ ಊಟಕ್ಕೆ ಕೂತಿದ್ದಾನೆ. ಹೆಂಡತಿ ನೀರಿಗೆ ಬಂದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದಳು. ಕೊನೆಗೆ ಅವಳೂ ಸತ್ತಳು. ಕೋಟೆ 1779ರಲ್ಲಿ ಹೈದರನ ಕೈಸೇರಿತು. ಈ ಕತೆಯಲ್ಲಿ ಪರಾಕ್ರಮ ಇದೆ, ನೋವು ಎಲ್ಲಿ ಹೋಯಿತು? ಉಂಡು ಎದ್ದು ಬಂದ ಆ ಗಂಡ ಏನಾದ? ಹೆಣಗಳ ನಡುವೆ ಅವಳನ್ನು ನೋಡಿ ಏನು ಮಾಡಿದ? ಅವಳ ಮಣ್ಣಿಗೆ ಯಾರು ಬಂದರು? ನಾವು ಕೇಳಿಲ್ಲ. ಗುರುತಿಗೆ ವೀರರು ಬೇಕು, ಅಳುವವರು ಬೇಡ. 2021ರಿಂದ ಸರ್ಕಾರವೇ ನವೆಂಬರ್ 11ನ್ನು ಓಬವ್ವ ಜಯಂತಿ ಅಂತ ಆಚರಿಸುತ್ತದೆ. ಬಹಳ ಒಳ್ಳೆಯದು, ಬಡ ಚಲವಾದಿ ಮನೆಯ ಹೆಂಗಸಿನ ಹೆಸರಲ್ಲಿ ಒಂದು ದಿನ ಬಂತು. ಅದರ ಹಿಂದಿನ ದಿನ, ನವೆಂಬರ್ 10, 2015ರಿಂದ ಕೆಲವು ವರ್ಷ ಟಿಪ್ಪು ಜಯಂತಿ ನಡೆದು, 2019ರಲ್ಲಿ ರದ್ದಾದ ದಿನ. ಎರಡು ತಾರೀಖು ಅಕ್ಕಪಕ್ಕ ಕೂತಿವೆ. ಯಾವ ದಿನ ಯಾರು ಬಂದರು, ಯಾರು ಬರಲಿಲ್ಲ ಅಂತ ಎಣಿಸುವವರು ಹುಟ್ಟಿಕೊಂಡಿದ್ದಾರೆ. ರೆನಾನ್ ಅದೇ ಭಾಷಣದಲ್ಲಿ ಇನ್ನೊಂದು ಮಾತು ಹೇಳಿದ್ದರು: ಒಟ್ಟಿಗೆ ಬದುಕಬೇಕಾದವರು ಕೆಲವನ್ನು ಒಟ್ಟಿಗೆ ಮರೆತಿರಬೇಕು. ನಾವು ಮರೆತಿದ್ದು ಧಾತು ಬರವನ್ನು. ನೆನಪಿಟ್ಟುಕೊಂಡಿದ್ದು ಇದನ್ನು.

ನನ್ನ ಮಾತು ಇಲ್ಲಿಗೆ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು, ಹೆಚ್ಚಿನವು ಪರೀಕ್ಷೆಗೆ ಸಂಬಂಧಪಟ್ಟವು, ಅವನ್ನು ಇಲ್ಲಿ ಬಿಟ್ಟಿದ್ದೇನೆ. ಹಿಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು, 'ಸಾರ್, ಮಿಲ್ಲು ಮುಚ್ಚಿದ ಮೇಲೆ ನಿಮ್ಮಪ್ಪ ಯಾರಿಗೆ ಓಟು ಹಾಕ್ತಿದ್ರು?' ಅಂತ ಕೇಳಿದಳು.

ಗೊತ್ತಿಲ್ಲಮ್ಮ ಅಂದೆ. ಮೊದಲು ಮನೆಯಲ್ಲಿ ಕೂಗಿ ಹೇಳುತ್ತಿದ್ದರು. ಆಮೇಲೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆದರೆ ಒಂದು ಗೊತ್ತು. ಅಪ್ಪ ಹೋದಾಗ ಮಿಲ್ಲು ಮುಚ್ಚಿ ಹತ್ತು ವರ್ಷದ ಮೇಲಾಗಿತ್ತು. ನೆಂಟರೆಲ್ಲ ಬಂದಿದ್ದರು. ಅವರ ಹಿಂದೆ, ಸ್ವಲ್ಪ ದೂರದಲ್ಲಿ ಏಳೆಂಟು ಜನ ವಯಸ್ಸಾದವರು ನಡೆದು ಬರುತ್ತಿದ್ದರು. ನಮ್ಮ ಮನೆಯಲ್ಲಿ ಯಾರಿಗೂ ಅವರ ಗುರುತಿಲ್ಲ. ಅವರಲ್ಲಿ ಒಬ್ಬರು ನನ್ನ ಹತ್ತಿರ ಬಂದು ಒಂದು ನಂಬರು ಹೇಳಿ, 'ಅವರ ಮಗನಾ ನೀನು?' ಅಂತ ಕೇಳಿದರು. ಅದು ಮಿಲ್ಲಿನಲ್ಲಿ ಅಪ್ಪನ ಟೋಕನ್ ನಂಬರು. ನಾನು ಅಪ್ಪನ ಹೆಸರು ಹೇಳಿದೆ. 'ಹೌದಾ, ಅದಾ ಹೆಸರು' ಅಂದರು. ಕೆಮ್ಮು ಬಂತು, ಸುಧಾರಿಸಿಕೊಂಡು ಮುಂದೆ ಹೋದರು. ನಮ್ಮವರು ಒಂದೊಂದು ಹಿಡಿ ಮಣ್ಣು ಹಾಕಿದರು. ಅವರು ಬಗ್ಗಿ ಮೂರು ಹಿಡಿ ಹಾಕಿ, ಕೈ ಒರೆಸಿಕೊಂಡು, ಬಸ್ ಸ್ಟ್ಯಾಂಡಿಗೆ ಯಾವ ಕಡೆ ಹೋಗಬೇಕು ಅಂತ ಕೇಳಿದರು.